ಜಕಾತಿ ನಾಕಾದಿಂದ ಬಿಲ್ಲಿನ ಕೊನೇ ಸಾಲಿಗೆ

ಹುಬ್ಬಳ್ಳಿ-ಧಾರವಾಡದ ಹಿರಿಯರನ್ನು ಮಾತಿಗೆಳೆದು ನೋಡಿ, ತೆರಿಗೆ ಎಂದರೆ ಅವರಿಗೆ ಮೊದಲು ನೆನಪಾಗುವುದು ಜಕಾತಿ. ಚಕ್ಕಡಿ ಬರಲಿ, ಲಾರಿ ಬರಲಿ, ಊರ ಅಂಚಿನ ನಾಕಾದಲ್ಲಿ ಸರಕು ತೋರಿಸಿ, ದುಡ್ಡು ಕಟ್ಟಿ, ಪಾವತಿ ಹಿಡಿದೇ ಒಳಗೆ ಬರಬೇಕಿತ್ತು. ಈ ನೆಲಕ್ಕೆ ಸುಂಕವೇನೂ ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲೇ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರುಗಳಿವೆ. ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣ ಶರಣರ ಸಾಲಿನಲ್ಲಿ ಕೂತವರು.

ಮಾರಾಟ ತೆರಿಗೆ ಇಲ್ಲಿಗೆ ಬಂದದ್ದು ಬೆಂಗಳೂರಿನಿಂದಲ್ಲ, ಮುಂಬೈಯಿಂದ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿನ 1946ರ ಕಾಯ್ದೆಯೇ ಇಲ್ಲಿನ ಅಂಗಡಿಗಳಿಗೂ ಅನ್ವಯ. ಏಕೀಕರಣದ ಮರುವರ್ಷ, 1957ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯ್ದೆ ಬಂತು. 1979ರಲ್ಲಿ ಜಕಾತಿ ರದ್ದಾಗಿ, ಅದರ ಜಾಗಕ್ಕೆ ರಾಜ್ಯ ಸರ್ಕಾರದ ಪ್ರವೇಶ ತೆರಿಗೆ ಬಂತು. ನಾಕಾದ ಕಾಯುವಿಕೆ ತಪ್ಪಿದ್ದು ಒಳ್ಳೆಯದೇ. ಆದರೆ ಊರು ತಾನೇ ಎತ್ತಿ ತಾನೇ ಖರ್ಚು ಮಾಡುತ್ತಿದ್ದ ಆದಾಯ ಅಂದೇ ಕೈಬಿಟ್ಟಿತು. 2005ರ ಏಪ್ರಿಲ್‌ನಲ್ಲಿ ವ್ಯಾಟ್, 2017ರ ಜುಲೈ 1ರಂದು ಜಿಎಸ್‌ಟಿ. ಪ್ರವೇಶ ತೆರಿಗೆಯೂ ಅದರಲ್ಲೇ ಕರಗಿತು.

ಈಗ ಲೆಕ್ಕಕ್ಕೆ ಬರೋಣ. ಧಾರವಾಡದಲ್ಲಿ ಪೇಡೆ ಕೊಂಡಿರಿ, ತೆರಿಗೆ ಸೇರಿ 210 ರೂಪಾಯಿ ಎಂದಿಟ್ಟುಕೊಳ್ಳಿ. ಪೇಡೆಗೆ ಶೇ 5. ಬಹಳ ಮಂದಿ 210ಕ್ಕೇ ಶೇ 5 ಹಾಕಿ ಹತ್ತೂವರೆ ರೂಪಾಯಿ ಎನ್ನುತ್ತಾರೆ, ಅದು ತಪ್ಪು. 210ನ್ನು 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ತೆರಿಗೆ 10 ರೂಪಾಯಿ, ಪೇಡೆಯ ಬೆಲೆ 200. ಆ ಹತ್ತರಲ್ಲಿ ಐದು ಕೇಂದ್ರಕ್ಕೆ, ಐದು ರಾಜ್ಯಕ್ಕೆ. ಪಾಲಿಕೆಯ ಹೆಸರಿನ ಸಾಲು ಆ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ವ್ಯಾಪಾರ ನಡೆಯುವ ರಸ್ತೆ, ಚರಂಡಿ, ದೀಪ ಪಾಲಿಕೆಯವೇ ಅಲ್ಲವೇ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12 ಮತ್ತು 28ರ ಹಂತಗಳು ಬಹುಮಟ್ಟಿಗೆ ಹೋಗಿ ಶೇ 5, ಶೇ 18 ಮುಖ್ಯವಾಗಿವೆ. ತುಪ್ಪ 12ರಿಂದ 5ಕ್ಕೆ ಇಳಿಯಿತು, ಮೈಸೋಪು 18ರಿಂದ 5ಕ್ಕೆ.

ಇನ್ನೊಂದು ಸಂಗತಿ ಗ್ರಾಹಕರು ತಿಳಿದಿರಲೇಬೇಕು. ಸಣ್ಣ ವ್ಯಾಪಾರಿಗಳಿಗೆಂದಿರುವ ಕಂಪೋಸಿಷನ್ ಪದ್ಧತಿಯಲ್ಲಿ ನೋಂದಾಯಿಸಿದ ಅಂಗಡಿಯವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ತಮ್ಮ ವಹಿವಾಟಿನ ಮೇಲೆ ತಾವೇ ಕಟ್ಟಬೇಕು. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಆರಂಭ. ಅದನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅಂಗಡಿ ಯಾವ ಪದ್ಧತಿಯದು ಎಂದು ಕಾಣುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಳ್ಳಿ, ಧಾರವಾಡದ ಲೈನ್ ಬಜಾರಿನಲ್ಲಿ ಕೊಳ್ಳಿ, ತೆರಿಗೆ ಕೊಟ್ಟಿದ್ದೀರಿ ಎಂದ ಮೇಲೆ ಬಿಲ್ ಕೇಳಿ ಪಡೆಯಿರಿ, ಕೊನೇ ಸಾಲಿನವರೆಗೆ ಓದಿ.