ಜೂನ್ ತಿಂಗಳಲ್ಲಿ ಹಿಮ, ಅಂಪೈರ್ ಕೈಯಲ್ಲಿ ಹಲ್ಲು!

1975ರ ಜೂನ್ 2, ಸೋಮವಾರ. ಇಂಗ್ಲೆಂಡಿನಲ್ಲಿ ಬೇಸಿಗೆ. ಡರ್ಬಿಷೈರ್‌ನ ಗುಡ್ಡಗಳ ನಡುವಿನ ಊರು ಬಕ್ಸ್‌ಟನ್. ಅಲ್ಲೊಂದು ಕೌಂಟಿ ಪಂದ್ಯ. ಆಟ ನಿಂತೇಹೋಯಿತು. ಯಾಕಿರಬಹುದು, ಹೇಳಿ ನೋಡೋಣ!

ಮಳೆಯೇ? ಅಲ್ಲ. ಮಂದ ಬೆಳಕೇ? ಅದೂ ಅಲ್ಲ. ಇನ್ನೊಮ್ಮೆ ಯೋಚಿಸಿ!

ಹಿಮ! ನಿಜವಾದ ಹಿಮ! ಜೂನ್ ತಿಂಗಳಲ್ಲಿ! ಅಂಗಳವಿಡೀ ಬೆಳ್ಳಗೆ!

ಅದಕ್ಕೆ ಎರಡೇ ದಿನ ಮುಂಚೆ, ಅದೇ ಅಂಗಳದಲ್ಲಿ ಲ್ಯಾಂಕಾಷೈರ್‌ನ ಕ್ಲೈವ್ ಲಾಯ್ಡ್ ಅಜೇಯ 167 ರನ್ ಚಚ್ಚಿದ್ದರು. ತಂಡದ ಮೊತ್ತ 5 ವಿಕೆಟ್‌ಗೆ 477. ಸೋಮವಾರ ಬಂದು ನೋಡಿದರೆ ಪಿಚ್ಚೇ ಮಾಯ!

ಮಂಗಳವಾರ ಹಿಮ ಕರಗಿತು. ಹೊದಿಕೆಯಿಲ್ಲದ ಪಿಚ್ ನೀರು ಕುಡಿದು ಕೂತಿತ್ತು. ಒಂದು ಚೆಂಡು ಮೂಗಿನತ್ತ ಚಿಮ್ಮುತ್ತದೆ, ಮತ್ತೊಂದು ಪಾದದತ್ತ ನುಸುಳುತ್ತದೆ. ಡರ್ಬಿಷೈರ್ ಎಷ್ಟಕ್ಕೆ ಆಲೌಟ್ ಆಯಿತು ಗೊತ್ತೇ?

42! ಮತ್ತೆ ಬ್ಯಾಟ್ ಹಿಡಿದರು. 87! ಸೋಲು ಇನಿಂಗ್ಸ್ ಮತ್ತು 348 ರನ್‌ಗಳಿಂದ!

ಇನ್ನೂ ಸೊಗಸಾದದ್ದು ಮುಂದಿದೆ. ಆ್ಯಶ್ಲಿ ಹಾರ್ವೆ-ವಾಕರ್ ಎಂಬ ಬ್ಯಾಟ್ಸ್‌ಮನ್ ಕ್ರೀಸಿಗೆ ಬಂದವರೇ ಕರವಸ್ತ್ರದಲ್ಲಿ ಏನೋ ಸುತ್ತಿ, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಅಂಪೈರ್ ಕೈಗಿತ್ತರು. ಗಡಿಯಾರವೇ? ಉಂಗುರವೇ? ಅಲ್ಲ! ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು! ಆ ಪಿಚ್ಚಿನ ಮೇಲೆ ಅವರಿಗೆ ಅಷ್ಟು ಭಯ!

ಈ ಕಥೆಯನ್ನು ಜೀವಮಾನವಿಡೀ ಸಂಭ್ರಮದಿಂದ ಹೇಳುತ್ತಿದ್ದವರು ಆ ಅಂಪೈರೇ. ಬಿಳಿ ಟೋಪಿಯ ಡಿಕ್ಕಿ ಬರ್ಡ್! ಯಾರ್ಕ್‌ಷೈರ್‌ನ ಬಾರ್ನ್‌ಸ್ಲಿಯ ಕಲ್ಲಿದ್ದಲು ಗಣಿಗಾರನ ಮಗ. ಇಂಗ್ಲೆಂಡಿನ ಹವಾಮಾನ ಈ ಮನುಷ್ಯನನ್ನು ಬೆನ್ನಟ್ಟಿದ ಹಾಗೆ ಇನ್ಯಾರನ್ನೂ ಬೆನ್ನಟ್ಟಿದಂತಿಲ್ಲ!

ಹಿಮ ಬಿದ್ದು ಐದೇ ದಿನ. ಜೂನ್ 7. ಲಾರ್ಡ್ಸ್‌ನಲ್ಲಿ ಝಗಝಗಿಸುವ ಬಿಸಿಲು! ಪುರುಷರ ಮೊಟ್ಟಮೊದಲ ವಿಶ್ವಕಪ್ ಶುರು! ಇಂಗ್ಲೆಂಡ್ ವಿರುದ್ಧ ಭಾರತದ ಪರ ಅತಿ ಹೆಚ್ಚು ರನ್ ಯಾರದು? ನಮ್ಮ ಜಿ.ಆರ್. ವಿಶ್ವನಾಥ್ ಅವರದು, 37! ಜೂನ್ 21ರ ಫೈನಲ್‌ಗೆ ಅಂಪೈರ್ ಯಾರು? ಬರ್ಡ್! ಶತಕ ಬಾರಿಸಿದ್ದು? ಅದೇ ಲಾಯ್ಡ್, 102! ರಾತ್ರಿ ಎಂಟೂವರೆ ದಾಟಿದರೂ ವಿದ್ಯುದ್ದೀಪವಿಲ್ಲ, ಹಗಲ ಬೆಳಕಿನಲ್ಲೇ ಆಟ!

ಆಕಾಶ ಸುಮ್ಮನಿದ್ದರೆ ನೆಲ ಬಿಡಬೇಕಲ್ಲ. 1988, ಹೆಡಿಂಗ್ಲಿ ಟೆಸ್ಟ್. ಮಳೆ ಬೀಳುತ್ತಿಲ್ಲ. ಆದರೂ ನೀರು! ಚರಂಡಿ ಕಟ್ಟಿಕೊಂಡು, ಬೌಲರ್ ಓಡಿಬರುವ ದಾರಿಯಲ್ಲಿ ನೆಲದಡಿಯಿಂದ ನೀರು ಜಿನುಗಿತು! ಅಂಪೈರ್? ಬರ್ಡ್!

1995, ಓಲ್ಡ್ ಟ್ರ್ಯಾಫರ್ಡ್. ಸದಾ ಮಳೆಗೆ ಹೆಸರಾದ ಮ್ಯಾಂಚೆಸ್ಟರ್. ಆಟ ನಿಂತದ್ದು ಯಾತಕ್ಕೆ? ಬಿಸಿಲು ಜಾಸ್ತಿಯಾಗಿ! ಹತ್ತಿರದ ಗಾಜಿನಮನೆಯೊಂದಕ್ಕೆ ಬಿಸಿಲು ಬಡಿದು ಕಣ್ಣಿಗೆ ಕುಕ್ಕುತ್ತಿತ್ತು! ಚಹಾ ವಿರಾಮವನ್ನು ಮುಂಚೆಯೇ ಕೊಟ್ಟರು. ಕೊಟ್ಟವರಲ್ಲಿ ಒಬ್ಬರು, ಇನ್ನು ಕೇಳಬೇಕೇ, ಬರ್ಡ್!

ಹೀಗೆ ಆಟ ನಿಂತಾಗಲೆಲ್ಲ ರೇಡಿಯೊ ಏನು ಮಾಡಬೇಕು? ಮಾತಾಡಬೇಕು! 1957ರಲ್ಲಿ ಹುಟ್ಟಿದ ಬಿಬಿಸಿಯ ‘ಟೆಸ್ಟ್ ಮ್ಯಾಚ್ ಸ್ಪೆಷಲ್’ ಮಳೆಯನ್ನೇ ಕಾರ್ಯಕ್ರಮ ಮಾಡಿಬಿಟ್ಟಿತು. ಜಾನ್ ಆರ್ಲಟ್ ಬಣ್ಣಿಸುತ್ತಿದ್ದರೆ ಪಾರಿವಾಳವೂ ಕಥಾಪಾತ್ರ! ಬ್ರಯಾನ್ ಜಾನ್‌ಸ್ಟನ್‌ಗೋ ಕೇಳುಗರು ಕೇಕಿನ ಮೇಲೆ ಕೇಕು ಕಳಿಸುತ್ತಿದ್ದರು! ಆಟಕ್ಕಿಂತ ಮಳೆಯ ಹೊತ್ತಿನ ಹರಟೆಯೇ ಚೆನ್ನ ಎನ್ನುವ ಕೇಳುಗರು ಬೇಕಾದಷ್ಟಿದ್ದಾರೆ. ನಾನೂ ಅವರ ಪಕ್ಷ. ಒಂದು ಚೆಂಡೂ ಬೀಳದೆ ಗಂಟೆಗಟ್ಟಲೆ ಜನರನ್ನು ಹಿಡಿದಿಡುವುದು ಎಂಥ ವಿದ್ಯೆ!

ಇನ್ನು ನನಗೆ ಅತಿ ಪ್ರಿಯವಾದದ್ದು. 1996ರ ಜೂನ್, ಲಾರ್ಡ್ಸ್. ಬರ್ಡ್ ಅವರ 66ನೆಯ ಟೆಸ್ಟ್, ಕೊನೆಯದು. ಎದುರಾಳಿ ಭಾರತ. ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಬರ್ಡ್ ಅತ್ತೇಬಿಟ್ಟರು!

ಕಣ್ಣು ಒರೆಸಿಕೊಂಡು ನಿಂತರು. ಮೊದಲ ಓವರ್. ಚೆಂಡು ಪ್ಯಾಡಿಗೆ ಬಡಿಯಿತು. ಜೋರು ಮನವಿ! ಬರ್ಡ್ ಬೆರಳು ಮೇಲೆ! ಇಂಗ್ಲೆಂಡ್ ನಾಯಕ ಮೈಕ್ ಆಥರ್ಟನ್ ಸೊನ್ನೆಗೆ ಔಟ್!

ಬೌಲರ್ ಯಾರು, ಹೇಳಿ?

ಮೈಸೂರಿನ ಜಾವಗಲ್ ಶ್ರೀನಾಥ್! ಅದೇ ಇನಿಂಗ್ಸಿನಲ್ಲಿ ವೆಂಕಟೇಶ್ ಪ್ರಸಾದ್‌ಗೆ 5 ವಿಕೆಟ್! ಜೊತೆಗೆ ಅನಿಲ್ ಕುಂಬ್ಳೆ! ಮತ್ತೆ ಬೆಂಗಳೂರಿನಿಂದ ಬಂದ 23ರ ಹೊಸ ಹುಡುಗ ರಾಹುಲ್ ದ್ರಾವಿಡ್, ಮೊದಲ ಟೆಸ್ಟಿನಲ್ಲೇ 95!