ಹೊಟ್ಟಿನ ಒಲೆ

ಸಿರುಗುಪ್ಪದ ಕಡೆ ಭತ್ತದ ಹೊಟ್ಟಿಗೆ ಬರವಿಲ್ಲ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಒತ್ತಿ ತುಂಬಿ, ಬಾಟಲಿ ಮೇಲಕ್ಕೆ ತೆಗೆದರೆ ಒಲೆ ಆಯ್ತು. ಆದರೆ ಅಕ್ಕ, ಬಳ್ಳಾರಿ ಬಿಸಿಲು ಗೊತ್ತಲ್ಲ! ಅದರ ಮೇಲೆ ಒಲೆಯೂ ಭಗಭಗ ಉರಿದರೆ ಮನೆ ಕಾದ ಹಂಚು.

ಯಾಕೆ ಹೀಗೆ ಉರಿಯುತ್ತದೆ? ಡಬ್ಬಿಯ ಕೆಳಗಿನ ತೂತು ನೋಡಿರಿ. ಗಾಳಿ ಹೋಗುವುದು ಅಲ್ಲಿಂದಲೇ. ಗಾಳಿ ಹೆಚ್ಚಾದರೆ ಉರಿ ಹೆಚ್ಚು. ಹೆಂಚಿನ ಚೂರು ಅಡ್ಡ ಇಟ್ಟು ತೂತು ಅರ್ಧ ಮುಚ್ಚಿರಿ. ಪೂರಾ ಮುಚ್ಚಿದರೆ ಹೊಗೆ ಏಳ್ತದೆ.

ಈ ಒಲೆ ನಡುವೆ ಆರಿಸೋದು ಕಷ್ಟ. ಸಣ್ಣ ಸಂಸಾರಕ್ಕೆ ಸಣ್ಣ ಡಬ್ಬಿಯೇ ಸಾಕು. ಅಡಿಗೆ ಮುಗಿದರೂ ಒಳಗೆ ಕೆಂಡ ಇರ್ತದೆ. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ. ಬಾಗಿಲು ಹಾಕಿ ಮಲಗಿದವರು ಏಳದೇ ಹೋಗಬಹುದು. ಕಾದ ಡಬ್ಬಿ ಎತ್ತಿ ಹೊರಗಿಡಲಿಕ್ಕೂ ಆಗೋದಿಲ್ಲ. ಅದಕ್ಕೆ ಹಚ್ಚುವ ಮೊದಲೇ ಅಂಗಳದಲ್ಲಿ ಇಡಿರಿ.