ಟ್ರ್ಯಾಕ್ಟರಿಗೊಂದು ಉಕ್ಕಿನ ಕಮಾನು

ಹೊಸ ಟ್ರ್ಯಾಕ್ಟರ್ ಮನೆಗೆ ಬಂದ ದಿನ ನಾವು ಕಾಯಿ ಒಡೆದು, ಗಾಲಿಯಡಿ ನಿಂಬೆಹಣ್ಣಿಟ್ಟು, ಹಿರಿಯರ ಕೈಯಿಂದ ಪೂಜೆ ಮಾಡಿಸುತ್ತೇವೆ. ಬಣ್ಣದ ಗೊಂಡೆಗಳಿಗೂ ಧ್ವನಿಪೆಟ್ಟಿಗೆಗೂ ಹಣ ಹೊಂದಿಸುತ್ತೇವೆ. ಆದರೆ ಅದು ಉರುಳಿದರೆ ಚಾಲಕನ ಗತಿಯೇನೆಂದು ಕೇಳುವವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ವಿರಳ.

ಪಟ್ಟಣದ ಹವ್ಯಾಸಿಗಳು ಓಟದ ಪಥಗಳಲ್ಲಿ ಸ್ವಂತ ಕಾರುಗಳನ್ನು ವೇಗವಾಗಿ ಓಡಿಸುವುದುಂಟು. ಜಗತ್ತಿನ ಇಂಥ ಅನೇಕ ಪಥಗಳಲ್ಲಿ, ಮೇಲ್ಛಾವಣಿಯಿಲ್ಲದ ಕಾರಿಗೆ ಚಾಲಕನ ಹಿಂದೆ ಉಕ್ಕಿನ ಕೊಳವೆಯ ಕಮಾನು, ಅಂದರೆ ರೋಲ್ ಬಾರ್, ಇರಬೇಕೆಂಬ ನಿಯಮವಿದೆ. ಶಿರಸ್ತ್ರಾಣ ಧರಿಸಿ ಕುಳಿತವನ ತಲೆ ಆ ಕಮಾನಿಗಿಂತ ಕೆಳಗಿರಬೇಕು, ಬೆಲ್ಟ್ ಬಿಗಿದಿರಬೇಕು. ಮೋಜಿನ ಗಾಡಿಗೆ ಇಷ್ಟು ಕಟ್ಟುನಿಟ್ಟು. ಅನ್ನದ ಗಾಡಿಗೆ ಏನೂ ಇಲ್ಲ!

ಹಳ್ಳದ ದಂಡೆ ಕುಸಿದರೆ, ಒಂದು ಗಾಲಿ ಒಡ್ಡಿನ ಮೇಲೇರಿದರೆ, ಟ್ರ್ಯಾಕ್ಟರ್ ಮಗ್ಗುಲಿಗೆ ಮಗುಚುತ್ತದೆ. ಹಿಮ್ಮೊಗವಾಗಿ ಮಗುಚುವುದು ಇನ್ನೂ ಭಯಂಕರ. ಭೀಮಾತೀರದ ಎರೆಭೂಮಿ ಮಳೆಗೆ ಅಂಟಾದಾಗ, ಕಬ್ಬಿನ ಟ್ರೇಲರ್ ಎಳೆಯುವ ಹಿಂದಿನ ಗಾಲಿಗಳು ಹೂತುಬಿಡುತ್ತವೆ. ಆಗ ಗಾಲಿಗೆ ಮರದ ತುಂಡು ಕಟ್ಟಿ ಎಂಜಿನ್ನಿಗೆ ಜೋರು ಕೊಟ್ಟರೆ, ತಿರುಗಲಾರದ ಗಾಲಿಯ ಬದಲು ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ. ಸುಮಾರು ಒಂದು ಸೆಕೆಂಡಿನೊಳಗೆ ಅದು ಮರಳಲಾರದ ಹಂತ ದಾಟುತ್ತದೆ. ಕ್ಲಚ್ ತುಳಿಯಲೂ ಬಿಡುವಿರುವುದಿಲ್ಲ. ಸರಪಳಿಯನ್ನು ಕೆಳಗಿನ ಹುಕ್ಕಿಗೆ ಸಿಕ್ಕಿಸದೆ ಮೇಲೆ ಅಚ್ಚಿಗೆ ಬಿಗಿದು ಎಳೆದರೂ ಇದೇ ಅಪಾಯ.

ಸ್ವೀಡನ್ ದೇಶವು 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಉರುಳಿ ಸಾಯುವವರು ಅಪರೂಪವಾದರು. ನಮ್ಮ ದೇಶದ ಕಾರ್ಖಾನೆಗಳು ಅಮೆರಿಕಕ್ಕೆ ಕಳುಹಿಸುವ ಟ್ರ್ಯಾಕ್ಟರುಗಳಿಗೂ ಈ ಕಮಾನು ಜೋಡಿಸಿರುತ್ತದೆ. ನಮ್ಮ ಹೊಲಗಳಲ್ಲಿ ದುಡಿಯುವ ಬಹುಪಾಲು ಟ್ರ್ಯಾಕ್ಟರುಗಳಿಗೆ ಅದಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ನಾವೇ ಕೇಳಬೇಕು.

ಕಮಾನಿದ್ದರೆ ಬೆಲ್ಟ್ ಕಟ್ಟಲೇಬೇಕು. ಇಲ್ಲವಾದರೆ ಚಾಲಕನು ಹೊರಗೆ ಎಸೆಯಲ್ಪಟ್ಟು ಅದೇ ಕಮಾನಿನಡಿ ಸಿಲುಕಬಹುದು. ಕಮಾನಿಲ್ಲದ ಟ್ರ್ಯಾಕ್ಟರಿನಲ್ಲಿ ಮಾತ್ರ ಬೆಲ್ಟ್ ಕಟ್ಟಿಕೊಳ್ಳಬಾರದು. ಬಿಸಿಲಿಗೆಂದು ಹಾಕಿಸಿದ ತಗಡಿನ ಚಪ್ಪರ ಕಮಾನಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದ ಕೊಳವೆಯನ್ನೂ ನಂಬುವಂತಿಲ್ಲ, ಭಾರ ಬಿದ್ದಾಗ ಅದು ಮುರಿದೀತು. ಪರೀಕ್ಷಿಸಿದ ಕಮಾನನ್ನು ಕಂಪನಿಯಿಂದಲೇ ಪಡೆಯಬೇಕು.

ಇಷ್ಟಾದರೂ ಕಮಾನು ಕಾಯುವುದು ಆಸನದಲ್ಲಿರುವ ಒಬ್ಬನನ್ನು. ಮಡ್‌ಗಾರ್ಡಿನ ಮೇಲೆ ಕೂತ ಮಗನನ್ನಲ್ಲ. ಶರಣಬಸವೇಶ್ವರರ ಜಾತ್ರೆಗೆಂದು ಟ್ರೇಲರಿನಲ್ಲಿ ತುಂಬಿಕೊಂಡು ಹೊರಟ ತಾಯಂದಿರನ್ನೂ ಅಲ್ಲ. ಈ ಮೂರೂ ಊರುಗಳಿಂದ ಕಲಬುರಗಿಗೆ ಬಸ್ಸುಗಳಿವೆ.